ಗೆರಸೆಯ ಬದಿಯ ಬಾಲ್ಯ

ಬಾಲ್ಯಕ್ಕೂ ಒಂದು ಚರಿತ್ರೆಯಿದೆ ಎಂಬ ವಿಚಾರವನ್ನು ದೊಡ್ಡ ಚರ್ಚೆಯಾಗಿಸಿದವರು ಫ್ರೆಂಚ್ ಇತಿಹಾಸಕಾರ ಫಿಲಿಪ್ ಏರಿಯೆಸ್. ಮಧ್ಯಯುಗದ ಯುರೋಪಿನಲ್ಲಿ ಬಾಲ್ಯವೆಂಬ ಪ್ರತ್ಯೇಕ ಕಲ್ಪನೆಯೇ ಇರಲಿಲ್ಲ ಎಂದು ಅವರು 1960ರ ಕೃತಿಯಲ್ಲಿ ವಾದಿಸಿದರು. ನಂತರದವರು ಇದನ್ನು ಪ್ರಶ್ನಿಸಿದ್ದಾರೆ. ಇಸ್ಲಾಮೀ ಕರ್ಮಶಾಸ್ತ್ರದ ಮಟ್ಟಿಗಂತೂ ಈ ಮಾತು ಸಲ್ಲದು. ತಿಳಿವು ಮೂಡುವ 'ತಮ್ಯೀಝ್', ಪ್ರಾಯಕ್ಕೆ ಬರುವ 'ಬುಲೂಗ್' ಎಂಬ ಘಟ್ಟಗಳನ್ನು ಗುರುತಿಸಿ, ಅನಾಥ ಮಗುವಿನ ಸೊತ್ತನ್ನು ಯಾರು, ಎಂದಿನವರೆಗೆ ಕಾಯಬೇಕೆಂದು ಅದು ಶತಮಾನಗಳ ಹಿಂದೆಯೇ ಚರ್ಚಿಸಿತ್ತು. ಆದರೆ ಸೊತ್ತಿನ ಲೆಕ್ಕ ಬರೆದಷ್ಟು ಶ್ರದ್ಧೆಯಿಂದ ಮಗುವಿನ ದುಡಿಮೆಯ ಲೆಕ್ಕ ಬರೆದವರು ಯಾರು? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಉಡುಪಿ, ಕಾಪು, ಕಾರ್ಕಳದ ಮನೆಗಳ ಚಾವಡಿ ಸಾಕು.

ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ಬೀಡಿ ಉದ್ಯಮ ಹಬ್ಬಿದ್ದು ಮನೆಗಳ ಮೂಲಕ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿಯನ್ನು ಅಲ್ಲಿಗೇ ಒಪ್ಪಿಸಬೇಕು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಹೊರಗೆ ದುಡಿಯಲು ಹೋಗಲಾಗದ ಬ್ಯಾರಿ ಹೆಂಗಸರಿಗೂ, ಗದ್ದೆ ಕೆಲಸ ಮುಗಿಸಿ ಬಂದ ನೆರೆಮನೆಯವರಿಗೂ ಅದೇ ಆಸರೆ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ನೂಲು ಸುತ್ತುವುದು ಪಳಗಿದ ಕೈಯ ಕೆಲಸ. ತುದಿ ಮಡಚಿ ಮುಚ್ಚುವುದು, ಕಟ್ಟು ಮಾಡುವುದು ಮಕ್ಕಳ ಪಾಲಿಗೆ. ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಗೆರಸೆ. ಪಾಸ್‌ಬುಕ್ಕಿನಲ್ಲಿ ಮಾತ್ರ ತಾಯಿಯೊಬ್ಬಳದೇ ಹೆಸರು.

ಇದನ್ನು ಯಾರೂ ದುಡಿಮೆ ಎನ್ನುತ್ತಿರಲಿಲ್ಲ, 'ಉಮ್ಮನಿಗೆ ಸಹಾಯ' ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಅಕ್ಕನ ಮದುವೆಯ ಚಿನ್ನ, ತಮ್ಮನ ಫೀಸು ಅದರಿಂದಲೇ ಹುಟ್ಟಬೇಕಿತ್ತು. ಆ ತಾಯಂದಿರಿಗೆ ಮಕ್ಕಳ ಮೇಲೆ ಕರುಣೆಯಿರಲಿಲ್ಲ ಎನ್ನುವುದು ಹೊಟ್ಟೆ ತುಂಬಿದವರ ಮಾತು. ಆದರೆ ಒಬ್ಬಳ ದುಡಿಮೆಗೆ ಸಿಗುವ ಮಜೂರಿ ಮನೆಗೆ ಸಾಲದಿದ್ದಾಗ, ಮಕ್ಕಳ ಈ ಸಹಾಯದ ಲಾಭ ಕೊನೆಗೆ ಸೇರಿದ್ದು ಬೀಡಿ ಮಾರುವವರಿಗೆ.

ಕಾನೂನು ಬಂತು, ಹೊಸ್ತಿಲಲ್ಲೇ ನಿಂತಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 14 ವರ್ಷ ತುಂಬದವರನ್ನು ಕೈಗಾರಿಕಾ ಆವರಣದಲ್ಲಿ ದುಡಿಸಬಾರದೆಂದಿತು; ವಾಸದ ಮನೆ ಆ ವ್ಯಾಖ್ಯೆಯಿಂದ ಹೊರಗುಳಿಯಿತು. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ತಯಾರಿಯನ್ನು ನಿಷೇಧದ ಪಟ್ಟಿಗೆ ಸೇರಿಸಿ, ಮನೆಮಂದಿಯ ನೆರವಿನಿಂದ ನಡೆಯುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. 6ರಿಂದ 14ರವರೆಗಿನ ಶಿಕ್ಷಣ ಹಕ್ಕಾಗಿ ಜಾರಿಯಾದದ್ದು 2010ರ ಏಪ್ರಿಲ್ 1ರಂದು. 2016ರ ತಿದ್ದುಪಡಿ ಕೂಡ, ಅಪಾಯಕಾರಿಯಲ್ಲದ ಮನೆ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ನೆರವಾಗಬಹುದು ಎಂದೇ ಹೇಳಿತು.

ಅಂದಿನ ಹುಡುಗಿಯರು ಇಂದು ಅಜ್ಜಿಯರು. ಪಿಂಚಣಿಗಾಗಿ ದುಡಿದ ವರ್ಷಗಳನ್ನು ಎಣಿಸುವಾಗ, ತುದಿ ಮುಚ್ಚುತ್ತಾ ಕಳೆದ ಮೊದಲ ವರ್ಷಗಳು ಯಾವ ಪಾಸ್‌ಬುಕ್ಕಿನಲ್ಲೂ ಸಿಗುವುದಿಲ್ಲ.