ಗಂಗಾವತಿಯ ಮಿಲ್ಲಿನ ಕಣ

ಗಂಗಾವತಿಯ ಚರಿತ್ರೆ ಬರೆಯುವವರು ಆನೆಗೊಂದಿಯಿಂದ ಶುರುಮಾಡುತ್ತಾರೆ, ಕುಮ್ಮಟದುರ್ಗದ ಕುಮಾರರಾಮನನ್ನು ನೆನೆಯುತ್ತಾರೆ, ಈಚಿನ ಎಪ್ಪತ್ತು ವರ್ಷಗಳನ್ನು ಮಾತ್ರ ‘ಭತ್ತದ ಕಣಜ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕರಾವಳಿ ಆಂಧ್ರದಿಂದ ಬಂದವರು ಗಂಗಾವತಿ, ಕಾರಟಗಿಗಳಲ್ಲಿ ಎಬ್ಬಿಸಿದ ಹಳೆಯ ರೈಸ್ ಮಿಲ್ಲುಗಳು ಸ್ಮಾರಕಗಳ ಸಾಲಿಗೆ ಸೇರದೆ ಈ ಸೀಮೆಯ ಚರಿತ್ರೆ ಪೂರ್ತಿಯಾಗದು ಎಂಬುದು ನನ್ನ ವಾದ. ಆ ಮಿಲ್ಲುಗಳ ಕಥೆ ಶುರುವಾಗುವುದು ಅಣೆಕಟ್ಟಿನಿಂದ. ಸ್ವಾತಂತ್ರ್ಯಕ್ಕೆ ಮೊದಲು ತುಂಗಭದ್ರೆ ಗಡಿಯ ಹೊಳೆ. ಆಚೆ ದಂಡೆಯ ಹೊಸಪೇಟೆ ಮದ್ರಾಸ್ ಪ್ರಾಂತದ್ದು, ಈಚೆ ದಂಡೆ ನಿಜಾಮರ ರಾಯಚೂರು ಜಿಲ್ಲೆಯದು. 1945ರ ಫೆಬ್ರುವರಿ 28ರಂದು ಎರಡೂ ದಂಡೆಗಳಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. 1953ರಲ್ಲಿ ನೀರು ಹರಿಯಿತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಹಾದದ್ದು ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಭೂಮಿಯಲ್ಲಿ. ನೀರಾವರಿಗೆ ಹೊಲ ಮಟ್ಟ ಮಾಡಿ ಬದು ಕಟ್ಟಿಸುವಷ್ಟು ದುಡ್ಡು ಇಲ್ಲಿನ ಬಹುಪಾಲು ಒಕ್ಕಲಿನ ಕೈಯಲ್ಲಿರಲಿಲ್ಲ. ಗೋದಾವರಿ, ಕೃಷ್ಣಾ ಜಿಲ್ಲೆಗಳವರು ಅಲ್ಲಿಯ ಒಂದೆಕರೆ ಮಾರಿ ಇಲ್ಲಿ ಹಲವು ಎಕರೆ ಕೊಂಡರು, ಶ್ರೀರಾಮನಗರದಂಥ, ಕ್ಯಾಂಪು ಎಂದು ಕರೆಯುವ ವಸತಿಗಳನ್ನು ಕಟ್ಟಿಕೊಂಡರು. ಅವರ ಬೆನ್ನಿಗೇ ಮಿಲ್ಲುಗಳೂ ಬಂದವು.

ನೆಲ್ಲು ಇಲ್ಲಿಗೆ ಹೊಸದೇನಲ್ಲ, ವಿಜಯನಗರದ ಕಾಲದ ಆನೆಗೊಂದಿ ಕಾಲುವೆಯೂ ಗಂಗಾವತಿಯ ಮೇಲಿನ, ಕೆಳಗಿನ ಕಾಲುವೆಗಳೂ ಇದ್ದವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅದು ಹೊಳೆಸಾಲಿನ ಗದ್ದೆಯ ಬೆಳೆ. ಎರೆಯ ಬಯಲನ್ನೆಲ್ಲ ಗದ್ದೆ ಮಾಡಿದ್ದರಲ್ಲಿ ಮಿಲ್ಲಿನ ಪಾಲು ದೊಡ್ಡದು. ಗೊಬ್ಬರಕ್ಕೆ, ಔಷಧಿಗೆ ಮುಂಗಡ ಕೊಟ್ಟು ಸುಗ್ಗಿಯಲ್ಲಿ ನೆಲ್ಲಿನಿಂದಲೇ ಲೆಕ್ಕ ಚುಕ್ತಾ ಮಾಡಿಕೊಳ್ಳುವ ವ್ಯಾಪಾರಿಯಿಲ್ಲದೆ ಅಷ್ಟು ಖರ್ಚಿನ ಬೆಳೆಗೆ ಯಾವ ರೈತ ಕೈ ಹಾಕಿಯಾನು? ಹೀಗಾಗಿ ಮಿಲ್ಲಿನ ತೂಕದ ಕಟ್ಟೆಯೇ ಊರಿನ ಬ್ಯಾಂಕೂ ಆಯಿತು. ಸೋನಾ ಮಸೂರಿ ಎಂದು ನಾವು ಉಣ್ಣುವ ಬಿಪಿಟಿ 5204 ತಳಿಯೂ ಅದೇ ಕರಾವಳಿ ಆಂಧ್ರದ ಬಾಪಟ್ಲದಿಂದ ಬಂದದ್ದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾಲುವೆಯ ಯೋಜನೆ ಕಡಿಮೆ ನೀರಿನ ಬೆಳೆಗಳಿಗಾಗಿ ಆದದ್ದು. ಮೇಲ್ಭಾಗದಲ್ಲಿ ನೆಲ್ಲು ಹಚ್ಚಿದ್ದರಿಂದಲೇ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ನೀರಿಗಾಗಿ ಬಾಯಿಬಿಡಬೇಕಾಯಿತು. ಹೊಲ ಮಾರಿದವರಲ್ಲಿ ಕೆಲವರು ಅದೇ ಹೊಲಕ್ಕೆ ಕೂಲಿಗೆ ಹೋದರು. ಅಂಥ ಸಂಪತ್ತಿನ ಕಟ್ಟಡಕ್ಕೆ ಸ್ಮಾರಕದ ಮರ್ಯಾದೆ ಏಕೆ? ಈ ಪ್ರಶ್ನೆಯ ನೋವನ್ನು ನಾನು ಒಪ್ಪುತ್ತೇನೆ. ಆದರೆ ಉಳಿಸುವುದೆಂದರೆ ಹೊಗಳುವುದಲ್ಲ. ಕೋಟೆಗಳನ್ನು ಉಳಿಸಿಕೊಂಡಿದ್ದೇವೆ, ಅವುಗಳ ಒಡೆಯರೆಲ್ಲ ನ್ಯಾಯವಂತರೆಂದಲ್ಲ. ನೀರು ಯಾರ ಪಾಲಿಗೆ ಹೋಯಿತು ಎಂಬುದಕ್ಕೆ ಮಿಲ್ಲಿಗಿಂತ ಕಣ್ಣಿಗೆ ಕಾಣುವ ಸಾಕ್ಷಿ ಬೇರೆ ಇಲ್ಲ.

ಹಳೆಯ ಮಿಲ್ಲಿನ ಕಣವನ್ನೇ ನೋಡಿ. ಮಳೆನೀರು ನಿಲ್ಲದಂತೆ ನಡುವೆ ತುಸು ಉಬ್ಬಿಸಿ ಹಾಕಿದ ಸಿಮೆಂಟಿನ ನೆಲ, ಒಂದು ಮಗ್ಗುಲಿಗೆ ನೆಲ್ಲು ಕುದಿಸುವ ಹಂಡೆಗಳು, ಹೊಟ್ಟು ಉರಿಸುವ ಒಲೆಯ ಮೇಲೆ ಎತ್ತರದ ಚಿಮಣಿ. ಕುದಿಸಿದ ನೆಲ್ಲನ್ನು ಹರವಿ, ಕೂಲಿಯವರು ಸಾಲು ಹಿಡಿದು ನಡೆಯುತ್ತ ಕಾಲಿನಿಂದಲೇ ತಿರುವಿಹಾಕುತ್ತಿದ್ದರು. ಮೋಡ ಕಂಡರೆ ಓಡಿಬಂದು ಗುಂಪೆ ಮಾಡಿ ತಾಡಪಾಲು ಹೊದಿಸುತ್ತಿದ್ದರು. ಡ್ರೈಯರ್ ಬಂದಲ್ಲಿ ಕಣಕ್ಕೆ ಕೆಲಸವಿಲ್ಲ, ಊರೊಳಗಿನ ಅಷ್ಟಗಲದ ಜಾಗಕ್ಕೆ ಸೈಟಿನ ಬೆಲೆಯಿದೆ. ಚಿಮಣಿ ಕೆಡವುವ ಮೊದಲು ಅಲ್ಲಿ ದುಡಿದ ಹಮಾಲರ, ಕೂಲಿಯವರ ಬಾಯಿಂದ ಲೆಕ್ಕ ಬರೆದುಕೊಳ್ಳಬೇಕು. ಮಿಲ್ಲಿನ ಖಾತೆ ಪುಸ್ತಕಗಳಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು ಚೀಲಗಳ ಎಣಿಕೆಯಷ್ಟೆ.