ರಾಮನಗರ ಜಿಲ್ಲೆಯ ಸರ್ಕಾರಿ ಶಾಲಾಡಳಿತ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ವಲಯಗಳ ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗಳನ್ನು ನಡೆಸುವ ವ್ಯವಸ್ಥೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಜಿಲ್ಲೆಯ ಶಾಲೆಗಳಿಗೆ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮುಖ್ಯಸ್ಥರು. ಅವರ ಅಧೀನದಲ್ಲಿ ಪ್ರತಿ ವಲಯಕ್ಕೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿಯೂ, ಹತ್ತಿರದ ಕೆಲವು ಶಾಲೆಗಳ ಗುಂಪಾದ ‘ಸಮೂಹ’ಕ್ಕೊಬ್ಬ ಸಂಪನ್ಮೂಲ ವ್ಯಕ್ತಿಯೂ ಇರುತ್ತಾರೆ. ಅಮೆರಿಕದ ಬಹುತೇಕ ಶಾಲಾ ಜಿಲ್ಲೆಗಳಿಗಿರುವಂತೆ ಚುನಾಯಿತ ಶಿಕ್ಷಣ ಮಂಡಳಿಯಾಗಲಿ ಸ್ವಂತ ತೆರಿಗೆಯಾಗಲಿ ಇಲ್ಲಿಲ್ಲ. ಶಿಕ್ಷಕರ ನೇಮಕಾತಿಯ ನಿಯಮ, ಪಠ್ಯಕ್ರಮ, ಪರೀಕ್ಷೆಗಳು ರಾಜ್ಯಮಟ್ಟದಲ್ಲಿ ನಿರ್ಧಾರವಾಗುತ್ತವೆ. ಸಂಬಳ, ಅನುದಾನದ ಬಹುಪಾಲು ಪಂಚಾಯತಿಗಳ ಲೆಕ್ಕಶೀರ್ಷಿಕೆಯ ಮೂಲಕ ಬಂದರೂ ಅದನ್ನು ಬದಲಿಸುವ ಸ್ವಾತಂತ್ರ್ಯ ಅವುಗಳಿಗೆ ಅಲ್ಪ.

ಊರಿನ ಧ್ವನಿಗಿರುವ ಮುಖ್ಯ ವೇದಿಕೆಯೆಂದರೆ, 2001ರ ಸರ್ಕಾರಿ ಆದೇಶದಿಂದ ಮೂಡಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಪೋಷಕರಿಂದಲೇ ಆಯ್ಕೆಯಾದ ಅಧ್ಯಕ್ಷರು ಮತ್ತು ಕಾರ್ಯದರ್ಶಿಯಾದ ಮುಖ್ಯಶಿಕ್ಷಕರು ಕೂಡಿ ಕಟ್ಟಡದ ದುರಸ್ತಿ, ಅನುದಾನದ ಖರ್ಚು, ‘ಅಕ್ಷರ ದಾಸೋಹ’ವೆಂಬ ಬಿಸಿಯೂಟದ ಗುಣಮಟ್ಟಗಳನ್ನು ನೋಡಿಕೊಳ್ಳುತ್ತಾರೆ. ಶಿಕ್ಷಕರನ್ನು ಕಾಯಂ ಆಗಿ ನೇಮಿಸುವ ಅಥವಾ ವರ್ಗಾಯಿಸುವ ಅಧಿಕಾರ ಮಾತ್ರ ಇವರಿಗಿಲ್ಲ; ಸಮಿತಿಯ ನಿಜವಾದ ದೌರ್ಬಲ್ಯವೂ ಇದೇ. ಖಾಲಿ ಹುದ್ದೆಗಳನ್ನು ಗೌರವಧನ ಪಡೆಯುವ ಅತಿಥಿ ಶಿಕ್ಷಕರು ತುಂಬುತ್ತಾರೆ.

ಶಾಲೆಗಳ ಸಾಧನೆಯನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ ಅಳೆಯುವುದು ರೂಢಿಯಾದರೂ ಅದು ಸಂಪೂರ್ಣ ಅಳತೆಗೋಲಲ್ಲ: ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ನಿಗಾ ಬಂದ 2024ರಲ್ಲಿ ರಾಜ್ಯದ ಉತ್ತೀರ್ಣ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ, ಅದೂ ಹೆಚ್ಚುವರಿ ಕೃಪಾಂಕ ನೀಡಿದ ಮೇಲೆ, ಇಳಿಯಿತು.