ಅಬ್ರಹಾಮನಿಂದ ಯೇಸುವಿನವರೆಗೆ: ಒಂದು ವಂಶಾವಳಿಯನ್ನು ಓದಿದ ಬಗೆಗಳು

ಮತ್ತಾಯನ ಸುವಾರ್ತೆಯ ಮೊದಲ 17 ವಚನಗಳನ್ನು ಹೆಚ್ಚಿನವರು ಹಾರಿಸಿಕೊಂಡೇ ಮುಂದೆ ಹೋಗುತ್ತಾರೆ. ಅಲ್ಲಿರುವುದು ಬರೀ ಹೆಸರುಗಳು. ಆದರೆ ಆ ಹೆಸರುಗಳು ಎರಡು ವಾಗ್ದಾನಗಳನ್ನು ಹೊತ್ತಿವೆ. ಭೂಮಿಯ ಎಲ್ಲ ಕುಲಗಳಿಗೂ ಅಬ್ರಹಾಮನ ಮೂಲಕ ಆಶೀರ್ವಾದ ಎಂಬುದು ಒಂದು, ದಾವೀದನ ಸಿಂಹಾಸನ ಸದಾಕಾಲ ನಿಲ್ಲುವುದು ಎಂಬುದು ಇನ್ನೊಂದು. ಯೇಸು ಇಬ್ಬರ ವಂಶಕ್ಕೂ ಸೇರಿದವನೆಂದು ಮತ್ತಾಯ ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾನೆ.

ತೊಡಕು ಶುರುವಾಗುವುದು ಲೂಕನ ಪಟ್ಟಿಯನ್ನು ಪಕ್ಕದಲ್ಲಿಟ್ಟಾಗ. ಮತ್ತಾಯನ ಪ್ರಕಾರ ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನ ತಂದೆ ಯಾಕೋಬ, ಲೂಕನ ಪ್ರಕಾರ ಹೇಲೀ. ಒಬ್ಬನದು ದಾವೀದನ ಮಗ ಸೊಲೊಮೋನನ ಸಾಲು, ಇನ್ನೊಬ್ಬನದು ನಾತಾನನ ಸಾಲು. 3ನೇ ಶತಮಾನದಲ್ಲಿ ಜೂಲಿಯಸ್ ಆಫ್ರಿಕಾನಸ್ ಇದಕ್ಕೊಂದು ಪರಿಹಾರ ಬರೆದ; ಚರಿತ್ರಕಾರ ಯುಸೇಬಿಯಸ್ ಅದನ್ನು ಉಳಿಸಿಕೊಟ್ಟ. ಹೇಲೀ ಮತ್ತು ಯಾಕೋಬ ಒಂದೇ ತಾಯಿಯ, ಬೇರೆ ಬೇರೆ ತಂದೆಯರ ಮಕ್ಕಳು. ಹೇಲೀ ಮಕ್ಕಳಿಲ್ಲದೆ ತೀರಿಕೊಂಡ. ಧರ್ಮೋಪದೇಶಕಾಂಡದ ನಿಯಮದಂತೆ ಯಾಕೋಬ ಅವನ ವಿಧವೆಯನ್ನು ಕೈಹಿಡಿದ. ಹುಟ್ಟಿದ ಯೋಸೇಫ ರಕ್ತದಿಂದ ಯಾಕೋಬನ ಮಗ, ಕಾನೂನಿನಿಂದ ಹೇಲೀಯ ಮಗ. ಲೂಕನದು ಮರಿಯಳ ವಂಶವೆಂಬ ವಾದವನ್ನು 1498ರಲ್ಲಿ ವಿಟೆರ್ಬೊದ ಆನಿಯಸ್ ಪ್ರಚಾರಕ್ಕೆ ತಂದ. ಇಂದಿಗೂ ಅದು ಜನಪ್ರಿಯವೇ. ಲೂಕನ ಪಟ್ಟಿಯಲ್ಲಿ ಮಾತ್ರ ಮರಿಯಳ ಹೆಸರಿಲ್ಲ, ಹಾಗಾಗಿ ನನಗೆ ಅದು ಒಪ್ಪಿಗೆಯಾಗುವುದಿಲ್ಲ.

17ನೇ ಶತಮಾನದಲ್ಲಿ ವಂಶಾವಳಿ ಪಂಚಾಂಗವಾಯಿತು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಸೃಷ್ಟಿಯನ್ನು ಕ್ರಿ.ಪೂ. 4004ಕ್ಕೆ ನಿಗದಿ ಮಾಡಿದಾಗ, ಆದಿಕಾಂಡದ ಪಿತೃಗಳ ವಯಸ್ಸು ಅವನಿಗೆ ಮುಖ್ಯ ಆಧಾರವಾಗಿತ್ತು. ಈ ಲೆಕ್ಕಕ್ಕೆ ಬಲವಾದ ಪೆಟ್ಟು ಕೊಟ್ಟವರು ನಾಸ್ತಿಕರೇನಲ್ಲ, ಪ್ರಿನ್ಸ್‌ಟನ್ನಿನ ಸಂಪ್ರದಾಯನಿಷ್ಠ ಪಂಡಿತ ವಿಲಿಯಂ ಹೆನ್ರಿ ಗ್ರೀನ್. ಸತ್ಯವೇದದ ವಂಶಾವಳಿಗಳಲ್ಲಿ ತಲೆಮಾರುಗಳನ್ನು ಬಿಡುವ ರೂಢಿಯಿದೆ, ಅವುಗಳಿಂದ ಕಾಲ ಎಣಿಸಲಾಗದು ಎಂದು ಅವರು 1890ರಲ್ಲಿ ತೋರಿಸಿದರು.

ಮತ್ತಾಯನಲ್ಲೇ ನೋಡಬಹುದು. ಯೋರಾಮನಿಂದ ನೇರ ಉಜ್ಜೀಯನಿಗೆ ಬಂದುಬಿಡುತ್ತಾನೆ; ನಡುವಿನ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರು ಮಾಯ. ಹದಿನಾಲ್ಕರ ಮೂರು ಗುಂಪು ಅವನಿಗೆ ಬೇಕಿತ್ತು. ಹೀಬ್ರೂ ಅಕ್ಷರಗಳಿಗಿರುವ ಸಂಖ್ಯೆಗಳನ್ನು ಕೂಡಿದರೆ ದಾವೀದನ ಹೆಸರು ಹದಿನಾಲ್ಕಾಗುತ್ತದೆ, ಅದೇ ಕಾರಣವಿರಬಹುದೆಂಬ ಊಹೆ ಪ್ರಬಲವಾಗಿದೆ. ಅಷ್ಟಾದರೂ ಮೂರನೆಯ ಗುಂಪಿನಲ್ಲಿ ಸಿಗುವುದು ಹದಿಮೂರೇ ಹೊಸ ಹೆಸರು.

ಪಟ್ಟಿ ಏಕೆ ಬೇಕಿತ್ತು ಎಂಬ ಪ್ರಶ್ನೆ ಮುನ್ನೆಲೆಗೆ ಬಂದದ್ದು 20ನೇ ಶತಮಾನದಲ್ಲಿ. 1969ರಲ್ಲಿ ಮಾರ್ಷಲ್ ಜಾನ್ಸನ್, 1977ರಲ್ಲಿ ರಾಬರ್ಟ್ ವಿಲ್ಸನ್ ಇದನ್ನೇ ಕೈಗೆತ್ತಿಕೊಂಡರು. ವಿಲ್ಸನ್ ಆಫ್ರಿಕದ ಬುಡಕಟ್ಟುಗಳ ಮೌಖಿಕ ವಂಶಾವಳಿಗಳನ್ನೂ ಜೊತೆಗಿಟ್ಟು ನೋಡಿದರು: ಹಕ್ಕು, ಅಂತಸ್ತು, ನಂಟಸ್ತಿಕೆ ಬದಲಾದಂತೆ ವಂಶಾವಳಿಯೂ ಬದಲಾಗುತ್ತದೆ. ಹೆಳವರು ಮನೆಬಾಗಿಲಿಗೆ ಬಂದು ವಂಶ ಹೇಳುವುದನ್ನು ಕೇಳಿದ ಹಳ್ಳಿಗರಿಗೆ ವಂಶಕಥನದ ಈ ತೂಕ ಅಪರಿಚಿತವಲ್ಲ.

ಅದೇ 1977ರಲ್ಲಿ ಬಂದ ರೇಮಂಡ್ ಬ್ರೌನರ ದೊಡ್ಡ ಗ್ರಂಥ ಮತ್ತಾಯನ ಪಟ್ಟಿಯಲ್ಲಿ ಬರುವ ನಾಲ್ವರು ಹೆಂಗಸರ ಪ್ರಶ್ನೆಯನ್ನು ಮತ್ತೆ ಎತ್ತಿತು. ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ. ಇವರು ಪಾಪಿಗಳೆಂದು ಜೆರೋಮ್, ಅನ್ಯಜನಾಂಗದವರೆಂದು ಲೂಥರ್ ವಿವರಿಸಿದ್ದರು. ರೂತಳಿಗೆ ಯಾವ ಪಾಪವನ್ನು ಹೊರಿಸುವುದು? ಲೋಕ ಹುಬ್ಬೇರಿಸುವಂಥ ಸಂಬಂಧಗಳ ನಡುವೆಯೇ ಈ ಹೆಂಗಸರು ಧೈರ್ಯವಾಗಿ ಹೆಜ್ಜೆಯಿಟ್ಟು ವಾಗ್ದಾನವನ್ನು ಮುಂದಿನ ತಲೆಮಾರಿಗೆ ದಾಟಿಸಿದರು, ಮರಿಯಳ ಸ್ಥಿತಿಯೂ ಅಂಥದ್ದೇ ಎಂಬ ಬ್ರೌನರ ಓದು ನನಗೆ ಹೆಚ್ಚು ಸತ್ಯವೆನಿಸುತ್ತದೆ.

ವಂಶಾವಳಿ ಹೊತ್ತ ಆ ವಾಗ್ದಾನಗಳ ಹಿಂದಿರುವ ಒಡಂಬಡಿಕೆಯ ಅಧ್ಯಯನ ಬೇರೆ ದಾರಿಯಲ್ಲಿ ಬೆಳೆಯಿತು. 1648ರಲ್ಲಿ ಯೋಹಾನೆಸ್ ಕೊಕ್ಸೇಯುಸ್ ಇಡೀ ಸತ್ಯವೇದವನ್ನು ಒಡಂಬಡಿಕೆಯ ಎಳೆಯಲ್ಲಿ ಪೋಣಿಸಿದ. 1954ರಲ್ಲಿ ಜಾರ್ಜ್ ಮೆಂಡೆನ್‌ಹಾಲ್ ಸೀನಾಯಿ ಒಡಂಬಡಿಕೆಯನ್ನು ಹಿಟ್ಟೈಟ್ ಚಕ್ರವರ್ತಿಗಳು ಸಾಮಂತರೊಂದಿಗೆ ಮಾಡಿಕೊಂಡ ಕರಾರುಗಳಿಗೆ ಹೋಲಿಸಿದರು. ಅಬ್ರಹಾಮ, ದಾವೀದರಿಗೆ ಸಿಕ್ಕದ್ದು ಕರಾರಿಗಿಂತ ಹೆಚ್ಚಾಗಿ ರಾಜದತ್ತಿ ಎಂದು 1970ರಲ್ಲಿ ಮೋಶೆ ವೈನ್‌ಫೆಲ್ಡ್ ವಾದಿಸಿದರು. ಆದಿಕಾಂಡದ 15ನೇ ಅಧ್ಯಾಯವನ್ನು ಓದಿದರೆ ವಾದದ ಬಲ ತಿಳಿಯುತ್ತದೆ: ಸೀಳಿದ ಪಶುಗಳ ನಡುವೆ ಹೊಗೆಯಾಡುವ ಒಲೆ, ಉರಿಯುವ ಪಂಜು ಹಾದುಹೋಗುತ್ತವೆ, ಅಬ್ರಹಾಮ ಗಾಢನಿದ್ರೆಯಲ್ಲಿದ್ದಾನೆ. ಹೊಣೆ ಹೊತ್ತವನು ದೇವರೊಬ್ಬನೇ.

ಹಾಗಾದರೆ ಈ ವಾಗ್ದಾನದ ಇಂದಿನ ವಾರಸುದಾರರು ಯಾರು? ಕ್ರಿಸ್ತನಿಗೆ ಸೇರಿದವರೆಲ್ಲ ಅಬ್ರಹಾಮನ ಸಂತತಿ ಎಂದು ಪೌಲ ಗಲಾತ್ಯದವರಿಗೆ ಬರೆದ. ಇದನ್ನೇ ಹಿಡಿದು ಸಭೆ ಯೆಹೂದ್ಯರನ್ನು ವಾಗ್ದಾನದಿಂದ ಹೊರಗಿಟ್ಟು ಶತಮಾನಗಟ್ಟಲೆ ಬೋಧಿಸಿತು. ಆ ಬೋಧನೆ ತಂದ ಹಿಂಸೆ ಸಣ್ಣದಲ್ಲ. ಆದರೆ ದೇವರು ಕೊಟ್ಟ ವರಗಳನ್ನು ಹಿಂತೆಗೆದುಕೊಳ್ಳುವುದಿಲ್ಲ ಎಂದು ರೋಮಾಪುರದವರಿಗೆ ಬರೆದವನೂ ಅದೇ ಪೌಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಈ ಮಾತನ್ನು ಆಧಾರವಾಗಿಟ್ಟುಕೊಂಡು ಯೆಹೂದ್ಯರನ್ನು ಶಾಪಗ್ರಸ್ತರೆಂದು ಚಿತ್ರಿಸಬಾರದು ಎಂದಿತು. ಯೆಹೂದ್ಯರಿಗೂ ಕ್ರೈಸ್ತರಿಗೂ ಒಂದೇ ಒಡಂಬಡಿಕೆಯೋ ಎರಡೋ ಎಂಬ ಚರ್ಚೆ ಅಲ್ಲಿಂದ ಬಿರುಸಾಗಿ ಇಂದಿಗೂ ನಡೆದಿದೆ.